ಸಾಕುನಾಯಿಯು ಪರರ ಮನೆಯಲ್ಲಿ ತಪ್ಪುವುದೇಕೆ?

ಕನ್ನಡ ನಾಡಿನಲ್ಲಿ ನಾಯಿಯ ಸ್ವಾಮಿಭಕ್ತಿಗೆ ಸಂದ ಗೌರವ ಎಷ್ಟೆಂಬುದಕ್ಕೆ ಆತಕೂರಿನ ಶಿಲಾಶಾಸನವೇ ಸಾಕ್ಷಿ. ಮಣಲೇರನೆಂಬ ವೀರನಿಗೆ ಮೆಚ್ಚುಗೆಯಾಗಿ ದೊರೆತ ‘ಕಾಳಿ’ ಎಂಬ ನಾಯಿಯು ಕಾಡುಹಂದಿಯೊಡನೆ ಸೆಣಸಿತು, ಎರಡೂ ಪ್ರಾಣಬಿಟ್ಟವು. ಕ್ರಿ.ಶ. 949–50ರ ಕಾಲದ ಆ ಶಾಸನವು ನಾಯಿಯ ನೆನಪಿಗಾಗಿ ಕಲ್ಲು ನಿಲ್ಲಿಸಿ, ಭೂಮಿಯನ್ನು ದತ್ತಿಬಿಟ್ಟುದನ್ನು ತಿಳಿಸುತ್ತದೆ. ಪ್ರಾಣವನ್ನೇ ತೆತ್ತು ಒಡೆಯನ ಮಾನ ಕಾಯಬಲ್ಲ ಈ ಪ್ರಾಣಿಯೇ, ನಂಟರ ಮನೆಗೆ ಕರೆದೊಯ್ದ ದಿನ ನಡುಮನೆಯಲ್ಲಿ ಮೂತ್ರ ಮಾಡಿ ಅದೇ ಒಡೆಯನನ್ನು ತಲೆತಗ್ಗಿಸುವಂತೆ ಮಾಡುವುದೂ ಉಂಟು. ಸ್ವಂತ ಮನೆಯಲ್ಲಿ ಒಂದು ದಿನವೂ ತಪ್ಪದ ನಾಯಿ ಪರರ ಮನೆಯಲ್ಲಿ ತಪ್ಪುವುದೇಕೆ? ಇದು ಕೇವಲ ಕುತೂಹಲದ ಪ್ರಶ್ನೆಯಲ್ಲ. ಕಾರಣವರಿಯದೆ ಎಷ್ಟೋ ಮೂಕಪ್ರಾಣಿಗಳು ಏಟು ತಿನ್ನುತ್ತವೆ. ಎಷ್ಟೋ ಮನೆಗಳ ಸ್ನೇಹದಲ್ಲಿ ಬಿರುಕು ಮೂಡುತ್ತದೆ.

ಹೊಸಪೇಟೆಯ ಬಡಾವಣೆಯೊಂದರ ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅಲ್ಲಿನ ನಾಯಿ ಮರಿಯಾಗಿದ್ದಾಗ ಮಹಡಿಯ ಮೂಲೆಯಲ್ಲಿ ಹಾಸಿದ ಹಳೆಯ ಚಾಪೆಯ ಮೇಲೆ ಮೂತ್ರ ಮಾಡಲು ಕಲಿಯಿತು. ಹಬ್ಬಕ್ಕೆಂದು ಕುಟುಂಬದವರು ಅದನ್ನು ಕಂಪ್ಲಿಯ ಹಿರಿಯರ ಮನೆಗೆ ಕರೆದೊಯ್ದರು. ಅಲ್ಲಿ ಬಂದವರಿಗೆಂದು ಪಡಸಾಲೆಯಲ್ಲಿ ಜಮಖಾನ ಹಾಸಿತ್ತು. ನಾಯಿ ನೇರವಾಗಿ ಅದರ ಮೇಲೆ ಹೋಗಿ ನಿಂತಿತು. ಮನುಷ್ಯರ ಕಣ್ಣಿಗೆ ಅದು ಅನಾಚಾರ. ನಾಯಿಯ ಮಟ್ಟಿಗೆ ಕಲಿತ ಪಾಠದ ನಿಷ್ಠಾವಂತ ಪಾಲನೆ. ಇನ್ನೊಂದು ನಿದರ್ಶನ ಇದಕ್ಕೆ ವಿಪರ್ಯಾಯವಾದುದು. ಸಂಡೂರಿನ ಕೆಮ್ಮಣ್ಣಿನ ಅಂಗಳದಲ್ಲಿ ಬೆಳೆದ ನಾಯಿಯನ್ನು ಪಟ್ಟಣದ ಮೂರನೆಯ ಅಂತಸ್ತಿನ ಮನೆಗೆ ತಂದರೆ ಅದು ನುಣುಪಾದ ನೆಲದ ಮೇಲೆ ಅತ್ತಿಂದಿತ್ತ ಸುಳಿದಾಡಿ, ಕಡೆಗೆ ಹೂಕುಂಡದ ಮಣ್ಣನ್ನು ಹುಡುಕಿಕೊಳ್ಳುತ್ತದೆ. ಅದು ಅರಸಿದುದು ಮಣ್ಣನ್ನು. ಆ ಮನೆಯಲ್ಲಿ ಮಣ್ಣಿದ್ದುದು ಕುಂಡದಲ್ಲಿ ಮಾತ್ರ.

ಈ ಎರಡು ನಿದರ್ಶನಗಳಲ್ಲಿಯೇ ಮುಖ್ಯ ಕಾರಣ ಅಡಗಿದೆ. ‘ಮನೆಯೊಳಗೆ ಮೂತ್ರ ಮಾಡಬಾರದು’ ಎಂಬ ಸಾಮಾನ್ಯ ನಿಯಮವನ್ನು ನಾಯಿ ಕಲಿತಿರುವುದಿಲ್ಲ. ಇಂಥ ನೆಲ, ಇಂಥ ಬಾಗಿಲು, ಇಂಥ ಹೊತ್ತು, ಇಂಥ ವಾಸನೆ ಎಂಬ ವಿಶೇಷಗಳನ್ನು ಮಾತ್ರ ಅದು ಕಲಿತಿರುತ್ತದೆ. ಒಂದೇ ಪುಸ್ತಕದಲ್ಲಿ ಅಕ್ಷರ ಕಲಿತ ಮಗು, ಅದೇ ಅಕ್ಷರಗಳನ್ನು ಬಸ್ಸಿನ ಹಲಗೆಯ ಮೇಲೆ ಕಂಡಾಗ ತಡವರಿಸುವುದಷ್ಟೆ? ಇದೂ ಅಂತೆಯೇ. ಅಭ್ಯಾಸವು ಸಂಕೇತಗಳಿಗೆ ಕಟ್ಟುಬಿದ್ದಿರುತ್ತದೆಂಬುದನ್ನು ರಷ್ಯದ ಶರೀರಶಾಸ್ತ್ರಜ್ಞ ಇವಾನ್ ಪಾವ್ಲೋವ್ (1849–1936) ನಾಯಿಗಳ ಮೇಲೆಯೇ ಪ್ರಯೋಗ ಮಾಡಿ ತೋರಿಸಿದನು. ಆಹಾರದೊಡನೆ ಮತ್ತೆ ಮತ್ತೆ ಜೊತೆಗೂಡಿ ಬಂದ ಸಂಕೇತವು ಒಂಟಿಯಾಗಿ ಬಂದಾಗಲೂ ನಾಯಿಯ ಬಾಯಲ್ಲಿ ಜೊಲ್ಲೂರುತ್ತಿತ್ತು. ಮಲಮೂತ್ರದ ಅಭ್ಯಾಸದಲ್ಲಿಯೂ ಸಂಕೇತಗಳು ಮುಖ್ಯ. ಹೊಸ ಮನೆಯಲ್ಲಿ ಆ ಪರಿಚಿತ ಸಂಕೇತಗಳಾವುವೂ ಇರುವುದಿಲ್ಲ.

ಹಾಗಾದರೆ ಶುಚಿತ್ವವೆಂಬುದು ನಾಯಿಯ ಸ್ವಭಾವದಲ್ಲಿಯೇ ಇಲ್ಲವೇ ಎಂದರೆ, ಇದೆ. ಎಳೆಯ ಮರಿಗಳ ಮಲಮೂತ್ರವನ್ನು ತಾಯಿಯೇ ನೆಕ್ಕಿ ಶುಚಿ ಮಾಡುತ್ತದೆ. ಸುಮಾರು ಮೂರು ವಾರ ಕಳೆದು ಕಾಲು ಬಲಿಯುತ್ತಲೇ ಮರಿಗಳು ಮಲಗುವ ಎಡೆಯನ್ನು ಬಿಟ್ಟು ಅತ್ತ ಸರಿದು ವಿಸರ್ಜಿಸತೊಡಗುತ್ತವೆ. ಎಂಟು ಒಂಬತ್ತು ವಾರಗಳ ವೇಳೆಗೆ ಮಣ್ಣು, ಹುಲ್ಲು, ಕಾಗದ, ಬಟ್ಟೆ ಇವುಗಳಲ್ಲಿ ಯಾವುದೋ ಒಂದು ನೆಲಕ್ಕೆ ಅವು ಒಗ್ಗಿಹೋಗುತ್ತವೆ. ಉಣ್ಣುವ, ಮಲಗುವ ತಾಣವನ್ನು ಕೆಡಿಸಬಾರದೆಂಬ ಈ ಸಹಜಬುದ್ಧಿಯನ್ನೇ ಹಿಗ್ಗಿಸಿ ಮನುಷ್ಯನು ಇಡೀ ಮನೆಗೆ ಅನ್ವಯಿಸುತ್ತಾನೆ. ಆದರೆ ಪರರ ಮನೆಯಲ್ಲಿ ನಾಯಿ ಉಂಡಿಲ್ಲ, ಮಲಗಿಲ್ಲ. ಅದು ಇನ್ನೂ ನಾಯಿಯ ಗೂಡಾಗಿಲ್ಲ. ನಾಯಿಯ ಲೆಕ್ಕಕ್ಕೆ ಅದು ಬೀದಿಯ ಮುಂದುವರಿಕೆಯೇ ಸರಿ.

ಎರಡನೆಯ ಕಾರಣ ಘ್ರಾಣಶಕ್ತಿ. ಸಾಮಾನ್ಯ ಅಂದಾಜಿನಂತೆ ಮನುಷ್ಯನ ಮೂಗಿನಲ್ಲಿ ವಾಸನೆ ಹಿಡಿಯುವ ಜೀವಕೋಶಗಳು 50–60 ಲಕ್ಷವಾದರೆ, ಅನೇಕ ತಳಿಯ ನಾಯಿಗಳಲ್ಲಿ 20 ಕೋಟಿಗೂ ಮಿಕ್ಕಿವೆ. ಹಂಪಿಯ ವಿರೂಪಾಕ್ಷ ದೇವಾಲಯದ ಮುಂದಿನ ಬೀದಿಯಲ್ಲಿ ನಾಯಿಯೊಂದು ಸಾಲುಮಂಟಪದ ಕಂಬದ ಬುಡವನ್ನು ಮೂಸಿ, ಒಂದು ಕಾಲೆತ್ತಿ, ಮುಂದಿನ ಕಂಬಕ್ಕೆ ಸಾಗಿದರೆ ನೋಡುವವರು ನಗುತ್ತಾರೆ. ಆದರೆ ಶಾಸನತಜ್ಞನು ಕಲ್ಲಿನ ಮೇಲಣ ಲಿಪಿಯನ್ನು ಕಣ್ಣಿನಿಂದ ಓದುವಂತೆ ನಾಯಿ ಮೂಗಿನಿಂದ ಓದುತ್ತಿರುತ್ತದೆ. ಇಲ್ಲಿ ಯಾವ ನಾಯಿ ಬಂದಿತ್ತು, ಅದು ಗಂಡೋ ಹೆಣ್ಣೋ, ಬಂದು ಎಷ್ಟು ಹೊತ್ತಾಯಿತು ಎಂಬ ಸಂಗತಿಗಳು ಮೂತ್ರದ ವಾಸನೆಯಲ್ಲಿವೆ. ಓದಿದ ಮೇಲೆ ಅದು ತನ್ನ ಸಹಿಯನ್ನೂ ಹಾಕುತ್ತದೆ. ಆತಿಥೇಯರ ಮನೆಯಲ್ಲಿ ಇನ್ನೊಂದು ನಾಯಿಯಿದ್ದರೆ, ಅಥವಾ ಹಿಂದೆಂದೋ ಇದ್ದರೆ, ಮನುಷ್ಯರಿಗೆ ತಿಳಿಯದ ಆ ವಾಸನೆ ಬಂದ ನಾಯಿಗೆ ತಿಳಿಯುತ್ತದೆ. ಬಾಗಿಲ ಚೌಕಟ್ಟಿಗೋ ಮಂಚದ ಕಾಲಿಗೋ ತುಸುವೇ ಮೂತ್ರ ಸಿಡಿಸಿದ್ದರೆ ಅದು ಇಂಥ ಗುರುತುಹಾಕುವಿಕೆ. ನೆಲದ ಮೇಲೆ ತುಂಬ ಹರಿದಿದ್ದರೆ ಅದು ಒತ್ತಡ ತಾಳಲಾರದ ವಿಸರ್ಜನೆ. ಗುರುತುಹಾಕುವ ಸ್ವಭಾವ ಗಂಡುನಾಯಿಗಳಲ್ಲಿ ಹೆಚ್ಚು; ಸಂತಾನಹರಣ ಚಿಕಿತ್ಸೆಯಿಂದ ಅನೇಕ ವೇಳೆ ತಗ್ಗುತ್ತದೆ. ಇನ್ನು ದನ ಕಟ್ಟುವ ಅಂಕಣ ಮನೆಯೊಳಗೇ ಇರುವ ಹಳ್ಳಿಯ ಹಳೆಯ ಮನೆಗಳಲ್ಲಿ ಗಂಜಳದ ವಾಸನೆ ಹೊಸ್ತಿಲಿನಲ್ಲಿಯೇ ಎದುರಾಗುತ್ತದೆ. ಅಂಥಲ್ಲಿ ಒಳಗು ಯಾವುದು, ಹೊರಗು ಯಾವುದು ಎಂದು ನಾಯಿ ಹೇಗೆ ವಿವೇಚಿಸೀತು?

ಮೂರನೆಯದು ಮನಸ್ಸಿನ ಕ್ಷೋಭೆ. ವಾಹನದ ಪ್ರಯಾಣ, ಅಪರಿಚಿತರ ಮುಖ, ಮಕ್ಕಳ ಗದ್ದಲ ಇವು ನಾಯಿಯನ್ನು ಕಳವಳಗೊಳಿಸುತ್ತವೆ. ಕೆಲವು ಎಳೆಯ ನಾಯಿಗಳು ಹೊಸಬರು ಬಾಗಿ ಮುಟ್ಟಿದೊಡನೆ ಕಿವಿ ಹಿಂದಿಟ್ಟು, ಮೈ ಮುದುಡಿ, ತಮಗರಿವಿಲ್ಲದೆಯೇ ಮೂತ್ರ ಬಿಡುತ್ತವೆ. ಅದು ‘ನಾನು ನಿಮಗೆ ಶರಣು’ ಎಂಬ ನಾಯಿಯ ಭಾಷೆ. ಇದರೊಡನೆ ಉಣ್ಣುವ, ತಿರುಗಾಡುವ ಹೊತ್ತುಗಳೂ ಏರುಪೇರಾಗುತ್ತವೆ. ಸ್ವಂತ ಮನೆಯಲ್ಲಾದರೆ ಅದು ಬಾಗಿಲ ಬಳಿ ಹೋಗಿ ಕುಂಯ್‌ಗುಟ್ಟಿದೊಡನೆ ಯಾರಾದರೊಬ್ಬರು ಏಳುತ್ತಾರೆ. ಇಲ್ಲಿ ಯಾವ ಬಾಗಿಲು ಹೊರಗೆ ಒಯ್ಯುತ್ತದೆಂದು ನಾಯಿಗೆ ತಿಳಿಯದು. ಅದರ ಕುಂಯ್‌ಗುಟ್ಟುವಿಕೆಯ ಅರ್ಥ ಮನೆಯವರಿಗೆ ತಿಳಿಯದು. ತಿಳಿದ ಒಡೆಯನು ಮಾತಿನಲ್ಲಿ ಮೈಮರೆತಿರುತ್ತಾನೆ. ತಪ್ಪಿನ ಒಂದು ಪಾಲು ಅಲ್ಲಿಯೂ ಇದೆ.

ಇಲ್ಲಿ ಒಂದು ಆಕ್ಷೇಪ ಬರಬಹುದು: ‘ತಪ್ಪು ಮಾಡಿದ ನಾಯಿ ತಲೆತಗ್ಗಿಸಿ ಮೂಲೆ ಸೇರುತ್ತದೆಯಲ್ಲ? ತಿಳಿದೇ ಮಾಡಿತೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?’ ಅಮೆರಿಕದ ವಿದುಷಿ ಅಲೆಕ್ಸಾಂಡ್ರಾ ಹೊರೋವಿಟ್ಜ್ 2009ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದು ಇದಕ್ಕೆ ಸಮಾಧಾನ ನೀಡುತ್ತದೆ. ಒಡೆಯನು ಬೇಡವೆಂದ ತಿನಿಸನ್ನು ತಿಂದ ನಾಯಿಗಳನ್ನೂ ತಿನ್ನದ ನಾಯಿಗಳನ್ನೂ ಹೋಲಿಸಿದಾಗ, ಆ ತಪ್ಪಿತಸ್ಥ ಮುಖಭಾವವು ತಪ್ಪನ್ನು ಅನುಸರಿಸಲಿಲ್ಲ. ಒಡೆಯನ ಗದರಿಕೆಯನ್ನು ಅನುಸರಿಸಿತು. ತಪ್ಪೇ ಮಾಡದ ನಾಯಿಯೂ ಗದರಿದಾಗ ಅದೇ ಮುಖ ಮಾಡಿತು. ಆದುದರಿಂದ ಬಾಗಿದ ತಲೆ ಪಶ್ಚಾತ್ತಾಪದ ಗುರುತೆನ್ನಲಾಗದು. ಅದು ಭಯದ ಗುರುತು. ಆದುದು ಆಗಿ ಎಷ್ಟೋ ಹೊತ್ತಿನ ಮೇಲೆ ಮೂಗನ್ನು ನೆಲಕ್ಕೆ ಒತ್ತಿ ಹೊಡೆದರೆ ನಾಯಿ ಕಲಿಯುವುದು ಒಂದೇ: ಒಡೆಯನ ಕಣ್ಣೆದುರು ಮೂತ್ರ ಮಾಡುವುದು ಅಪಾಯ. ಅನಂತರ ಅದು ಮಂಚದ ಹಿಂದೆ ಮರೆ ಹುಡುಕುತ್ತದೆ.

ಪರಿಹಾರ ಕಷ್ಟವಲ್ಲ, ಗಮನವೊಂದು ಬೇಕು. ನಾಯಿ ಬರುವುದನ್ನು ಆತಿಥೇಯರಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕು. ಊರು ತಲುಪಿದೊಡನೆ ಒಳಗೆ ಕರೆದೊಯ್ಯದೆ, ಮನೆಯ ಸುತ್ತ ತಿರುಗಾಡಿಸಿ, ಮೂತ್ರ ಮಾಡಿಸಿ, ಮಾಡಿದಾಗ ಮೆಚ್ಚುಗೆಯ ಮಾತಾಡಿ ಅನಂತರ ಹೊಸ್ತಿಲು ದಾಟಿಸಬೇಕು. ಮೊದಲ ದಿನ ಹಗ್ಗ ಕೈಯಲ್ಲಿಯೇ ಇರಲಿ. ಅದರ ಹಾಸಿಗೆಯನ್ನೂ ತಟ್ಟೆಯನ್ನೂ ಮನೆಯಿಂದಲೇ ಒಯ್ದರೆ ಪರಿಚಿತ ವಾಸನೆಯಿಂದ ಹೊಸ ತಾಣವೂ ಬೇಗ ಗೂಡೆನಿಸುತ್ತದೆ. ಉಂಡ ಮೇಲೆ, ನಿದ್ರೆ ತಿಳಿದ ಮೇಲೆ, ಆಡಿದ ಮೇಲೆ ತಪ್ಪದೆ ಒಂದೇ ಬಾಗಿಲಿನಿಂದ ಹೊರಗೊಯ್ಯಬೇಕು. ತಪ್ಪಿದರೆ ಶುಚಿ ಮಾಡುವ ಹೊಣೆ ತಂದವರದು. ಅಮೋನಿಯ ಬೆರೆತ ದ್ರಾವಣ ಬಳಸಬಾರದು. ಅದರ ವಾಸನೆ ಮೂತ್ರದ ವಾಸನೆಯನ್ನೇ ಹೋಲುತ್ತದೆ. ಕಿಣ್ವಗಳಿರುವ ಶುದ್ಧಿದ್ರಾವಣ ಉತ್ತಮ. ಹೀಗೆ ನಾಲ್ಕಾರು ಮನೆಗಳಲ್ಲಿ ಪಾಠ ಪುನರಾವೃತ್ತಿಯಾದ ಮೇಲೆ ‘ಈ ಮನೆ’ ಎಂಬ ಅರಿವು ‘ಎಲ್ಲ ಮನೆ’ ಎಂಬ ಅರಿವಾಗಿ ಬಲಿಯುತ್ತದೆ. ಆದರೆ ಸ್ವಂತ ಮನೆಯಲ್ಲಿಯೂ ತಪ್ಪತೊಡಗಿದರೆ, ಹೆಚ್ಚು ನೀರು ಕುಡಿದರೆ, ಮೂತ್ರದಲ್ಲಿ ರಕ್ತ ಕಂಡರೆ ಅದು ಅಭ್ಯಾಸದ ದೋಷವೆಂದು ಬಿಡಲಾಗದು. ಮೂತ್ರಕೋಶದ ಸೋಂಕು, ಮಧುಮೇಹ, ಮೂತ್ರಪಿಂಡದ ರೋಗ ಇರಬಹುದು. ಪಶುವೈದ್ಯರ ಬಳಿಗೆ ಒಯ್ಯುವುದೇ ದಾರಿ.

ವಿದ್ಯಾರ್ಥಿಗಳು ಇಲ್ಲಿ ಗಮನಿಸತಕ್ಕ ಅಂಶ ಒಂದುಂಟು. ಒಂದೆಡೆ ಕಲಿತುದು ಎಲ್ಲೆಡೆಯೂ ತಾನಾಗಿ ಹಿಂಬಾಲಿಸಿ ಬರುವುದಿಲ್ಲ; ಅದನ್ನು ಎಡೆಯಿಂದೆಡೆಗೆ ಹೊತ್ತೊಯ್ಯುವ ಕೆಲಸವೂ ಶಿಕ್ಷಣದ ಭಾಗವೇ. ಮಾತಿನಲ್ಲಿ ಕಲಿಯಬಲ್ಲ ಮನುಷ್ಯನಿಗೇ ಇದು ಶ್ರಮದ ಕೆಲಸವಾಗಿರುವಾಗ, ಮೂಗಿನಿಂದಲೇ ಲೋಕವನ್ನರಿಯುವ ಪ್ರಾಣಿ ಒಮ್ಮೆ ಎಡವಿದರೆ ಕೋಲೆತ್ತುವ ಮುನ್ನ ಅದಕ್ಕೆ ಬಾಗಿಲು ತೋರಿಸಿದ್ದಾಯಿತೇ ಎಂದು ಕೇಳಿಕೊಳ್ಳುವುದು ನ್ಯಾಯ.