ಸರಾಸರಿಗೆ ಮರೆವಿಲ್ಲ

‘ಐದು ಸಂಖ್ಯೆಗಳ ಸರಾಸರಿ 18. ಅವುಗಳಲ್ಲಿ ನಾಲ್ಕು 12, 15, 20, 22. ಐದನೆಯದು ಯಾವುದು?’

ಹೈಸ್ಕೂಲಿನ ಪುಸ್ತಕದಿಂದ ಬ್ಯಾಂಕ್ ಪರೀಕ್ಷೆಯ ಗೈಡ್‌ವರೆಗೆ ಇಂಥ ಪ್ರಶ್ನೆ ಎಷ್ಟು ಸಲ ಬಿಡಿಸಿದ್ದೆನೋ! 18 ಅನ್ನು 5ರಿಂದ ಗುಣಿಸಿದರೆ ಒಟ್ಟು 90. ಗೊತ್ತಿರುವ ನಾಲ್ಕರ ಮೊತ್ತ 69. ಕಳೆದರೆ 21. ಟಿಕ್ ಹಾಕಿ ಮುಂದಕ್ಕೆ ಹೋಗುತ್ತಿದ್ದೆ. ಅದೇ ಪ್ರಶ್ನೆ ನನ್ನ ಬದುಕಿನಲ್ಲಿ ಎದುರಾದಾಗ ಮಾತ್ರ ಗುರುತೇ ಸಿಗಲಿಲ್ಲ.

ಡಿಗ್ರಿಯ ಕೊನೆಯ ವರ್ಷ ಕ್ಯಾಂಪಸ್ ಸಂದರ್ಶನದಲ್ಲಿ ಆಯ್ಕೆಯಾದೆ. ಷರತ್ತು ಒಂದೇ: ಆರೂ ಸೆಮಿಸ್ಟರ್‌ಗಳ ಸರಾಸರಿ ಶೇ 60 ಇರಬೇಕು. ಎಲ್ಲ ಸೆಮಿಸ್ಟರ್‌ಗೂ ಒಟ್ಟು ಅಂಕ ಒಂದೇ. ಐದರಲ್ಲಿ ನಾನು ಪಡೆದದ್ದು ಶೇ 52, 58, 55, 61, 64. ‘ಕೊನೆಯದರಲ್ಲಿ 60 ದಾಟಿದರೆ ಆಯ್ತಲ್ಲ’ ಎಂದೆ.

ಗೆಳತಿ ನಕ್ಕಳು. ‘ಲೆಕ್ಕ ಹಾಕೋ ಮಾರಾಯ. 60ಕ್ಕಿಂತ ಎಷ್ಟು ಕಡಿಮೆ, ಎಷ್ಟು ಹೆಚ್ಚು ಅಂತಷ್ಟೇ ಬರಿ.’

ಕಡಿಮೆ ಬಿದ್ದದ್ದು 8, 2, 5. ಹೆಚ್ಚು ಬಂದದ್ದು 1, 4. ಅಂದರೆ ಸಾಲ 15, ಜಮೆ 5, ಬಾಕಿ 10. ಅಷ್ಟನ್ನೂ ಉಳಿದೊಂದು ಸೆಮಿಸ್ಟರ್ ತೀರಿಸಬೇಕು. ನನಗೆ ಬೇಕಿದ್ದದ್ದು 60 ಅಲ್ಲ, 70! ಎದೆ ಧಸಕ್ಕೆಂದಿತು.

ಆಗ ನೆನಪಾದವರು ಡಾನ್ ಬ್ರಾಡ್ಮನ್. 1948ರ ಆಗಸ್ಟ್‌ನಲ್ಲಿ ಓವಲ್ ಮೈದಾನದಲ್ಲಿ ಕೊನೆಯ ಟೆಸ್ಟ್ ಆಡಲು ಇಳಿದಾಗ ಅವರ ಖಾತೆಯಲ್ಲಿ 6,996 ರನ್‌ಗಳಿದ್ದವು. ಈ ಸಲ ಔಟಾದರೆ ಅದು 70ನೇ ಬಾರಿ. ಸರಾಸರಿ 100 ಆಗಲು ಬೇಕಿದ್ದದ್ದು 7,000. ಅಂದರೆ ಇನ್ನು ನಾಲ್ಕೇ ರನ್. ಎದುರಿಸಿದ ಎರಡನೇ ಎಸೆತದಲ್ಲೇ ಎರಿಕ್ ಹೋಲೀಸ್ ಅವರನ್ನು ಬೌಲ್ಡ್ ಮಾಡಿದರು. ಸರಾಸರಿ 99.94ಕ್ಕೆ ನಿಂತುಹೋಯಿತು.

ಹಾಸ್ಟೆಲ್ ಗೋಡೆಗೆ ‘70’ ಎಂದು ಬರೆದು ಅಂಟಿಸಿಕೊಂಡು ಓದಿದೆ. ಫಲಿತಾಂಶ ಬಂತು: 68. ನನ್ನ ಆರು ಸೆಮಿಸ್ಟರ್‌ಗಳಲ್ಲಿ ಅದೇ ಅತಿ ಹೆಚ್ಚು. ಆದರೂ ಸರಾಸರಿ 59.67. ಕೆಲಸ ಕೈತಪ್ಪಿತು.

ಆ ರಾತ್ರಿ ಬೇಸರವಾದದ್ದು ಕೊನೆಯ 68ರ ಬಗ್ಗೆ ಅಲ್ಲ, ಮೊದಲ 52ರ ಬಗ್ಗೆ. ‘ಇನ್ನೂ ಟೈಮಿದೆ ಬಿಡು’ ಎಂದು ಕ್ಯಾಂಟೀನಿನಲ್ಲಿ ಕಳೆದ ಸೆಮಿಸ್ಟರ್ ಅದು. ಅಲ್ಲಿ ಇನ್ನೆರಡು ಗಳಿಸಿದ್ದರೂ ಸಾಕಿತ್ತು. ಸರಾಸರಿಗೆ ಮೊದಲನೆಯದು, ಕೊನೆಯದು ಎಂಬ ಭೇದವಿಲ್ಲ. ಯಾವ ಅಂಕಿಯನ್ನೂ ಅದು ಮರೆಯುವುದಿಲ್ಲ.

ಈಗ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ. ಪ್ರತಿ ಅಣಕು ಪರೀಕ್ಷೆ ಮುಗಿದ ಕೂಡಲೇ ಸಾಲ, ಜಮೆ ಬರೆದುಬಿಡುತ್ತೇನೆ. ನೀವು ಮೊದಲ ಸೆಮಿಸ್ಟರ್ ಮುಗಿಸಿದ್ದೀರಾ? ಹಾಗಾದರೆ ಇವತ್ತೇ ಲೆಕ್ಕ ಹಾಕಿ. ನಿಮಗಿನ್ನೂ ಐದು ಮನೆಗಳು ಖಾಲಿ ಇವೆ. ನನಗೆ ಉಳಿದಿದ್ದದ್ದು ಒಂದೇ.