ಮೂರು ದೋಣಿಗಳ ಮೇಲೆ ಕಾಲಿಟ್ಟ ಸೈಕಲ್ ಪಟು



ಎರಡು ದೋಣಿಗಳ ಮೇಲೆ ಕಾಲಿಡಬಾರದೆಂದು ನಮ್ಮ ಹಿರಿಯರು ಎಚ್ಚರಿಸುತ್ತಿದ್ದರು. ಪರದೇಶದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಾವೂ ಆ ಮಾತನ್ನು ಬಿಟ್ಟಿಲ್ಲ. ಈಜೋ ಟೆನಿಸ್ಸೋ, ಯಾವುದಾದರೂ ಒಂದನ್ನು ಹಿಡಿ ಎನ್ನುತ್ತೇವೆ. ಮೂರು ದೋಣಿಗಳ ಮೇಲೆ ಕಾಲಿಟ್ಟ ಫ್ರೆಂಚ್ ಮಹಿಳೆಯೊಬ್ಬರ ವಿಚಾರವನ್ನು ಈ ಸಂಜೆ ತಮ್ಮ ಮುಂದಿಡಬಯಸುತ್ತೇವೆ. ಆಕೆ ಪಾಲೀನ್ ಫೆರಾಂ-ಪ್ರೆವೊ, 1992ರಲ್ಲಿ ರೀಮ್ಸ್ ನಗರದಲ್ಲಿ ಜನಿಸಿದ ಸೈಕಲ್ ಪಟು.

ನಮ್ಮಲ್ಲಿ ಅನೇಕರಿಗೆ ಸೈಕಲ್ಲೆಂದರೆ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ತಂದು, ಬಾರಿನ ಕೆಳಗೆ ಕಾಲು ತೂರಿಸಿ ಕಲಿತ ವಾಹನ. ಅದರಲ್ಲಿ ಬಗೆಗಳುಂಟೆಂದು ಆಗ ಯಾರು ಬಲ್ಲರು? ಸ್ಪರ್ಧಾಜಗತ್ತಿನಲ್ಲಾದರೋ ರಸ್ತೆಯ ಸೈಕಲ್, ಕೆಸರಿನ ಸೈಕಲ್, ಬೆಟ್ಟದ ಸೈಕಲ್ ಇವು ಹೆಸರಿಗೆ ಮಾತ್ರ ಒಂದೇ ಮನೆತನದವು.

ರಸ್ತೆಯ ಪಂದ್ಯ ನಾಲ್ಕೈದು ತಾಸು ನಡೆಯುವುದುಂಟು. ಅಲ್ಲಿ ಗಾಳಿಯೇ ಮುಖ್ಯ ಶತ್ರು. ಮುಂದಿನವರ ಬೆನ್ನ ಹಿಂದೆ ಅಡಗಿ ಸಾಗಿದರೆ ಶ್ರಮ ಬಹಳಷ್ಟು ಉಳಿಯುತ್ತದೆ. ಆದಕಾರಣ ತಂಡ, ತಂತ್ರ, ತಾಳ್ಮೆ ಇವೆಲ್ಲ ಬೇಕು. ಸೈಕ್ಲೊಕ್ರಾಸ್ ಎಂಬುದು ಚಳಿಗಾಲದ ಆಟ. ಬೆಲ್ಜಿಯಂ ಮತ್ತು ನೆದರ್ಲೆಂಡ್ಸ್ ದೇಶಗಳಲ್ಲಿ ಇದಕ್ಕೆ ಜಾತ್ರೆಯಂತೆ ಜನ ನೆರೆಯುತ್ತಾರೆ. ಒಂದು ತಾಸಿನೊಳಗೆ ಮುಗಿಯುವ ಈ ಪಂದ್ಯದಲ್ಲಿ ಕೆಸರು, ಮರಳು, ಅಡ್ಡಹಲಗೆಗಳು ಎದುರಾಗುತ್ತವೆ. ಸವಾರರು ಇಳಿದು, ಸೈಕಲ್ಲನ್ನು ಹೆಗಲಿಗೇರಿಸಿ ಓಡಿ, ಮತ್ತೆ ಜಿಗಿದು ಏರಬೇಕು. ಟೈರಿನ ಅಗಲ 33 ಮಿಲಿಮೀಟರ್ ಮೀರುವಂತಿಲ್ಲ; ಸೈಕಲ್ಲಿಗೆ ಕೆಸರು ಮೆತ್ತಿಕೊಂಡರೆ ನಿಗದಿತ ಸ್ಥಳದಲ್ಲಿ ತೊಳೆದ ಮತ್ತೊಂದನ್ನು ಪಡೆಯಬಹುದು. ಬೆಟ್ಟದ ಸೈಕಲ್ಲಿನ ಪಂದ್ಯವೋ ಸುಮಾರು ಒಂದೂವರೆ ತಾಸಿನದು. ಬಂಡೆ, ಬೇರು, ಕಡಿದಾದ ಇಳಿಜಾರುಗಳ ನಡುವೆ ಯಾರ ಬೆನ್ನಿನ ಆಸರೆಯೂ ಹೆಚ್ಚು ಪ್ರಯೋಜನಕ್ಕೆ ಬಾರದು.

2014ರ ಸೆಪ್ಟೆಂಬರಿನಲ್ಲಿ ಸ್ಪೇನಿನ ಪೊನ್‌ಫೆರಾಡಾದಲ್ಲಿ ಪಾಲೀನ್ ರಸ್ತೆಯ ವಿಶ್ವ ಚಾಂಪಿಯನ್ ಆದರು. 2015ರ ಜನವರಿಯಲ್ಲಿ ಝೆಕ್ ದೇಶದ ತಾಬೊರ್‌ನಲ್ಲಿ ಸೈಕ್ಲೊಕ್ರಾಸ್, ಅದೇ ವರ್ಷದ ಸೆಪ್ಟೆಂಬರ್ ಆರಂಭದಲ್ಲಿ ಅಂಡೋರಾದಲ್ಲಿ ಬೆಟ್ಟದ ಸೈಕಲ್. ರಸ್ತೆಯ ಪಟ್ಟ ಇನ್ನೂ ಕೈಯಲ್ಲಿರುವಾಗಲೇ ಉಳಿದೆರಡೂ ಸೇರಿದ್ದರಿಂದ, ಕಾಮನಬಿಲ್ಲಿನ ಪಟ್ಟೆಗಳುಳ್ಳ ಮೂರು ಅಂಗಿಗಳೂ ಕೆಲವು ವಾರಗಳ ಕಾಲ ಒಬ್ಬರದೇ ಆಗಿದ್ದವು. ಗಂಡಸರಲ್ಲಾಗಲಿ ಹೆಂಗಸರಲ್ಲಾಗಲಿ ಅದಕ್ಕೂ ಮುನ್ನ ಯಾರಿಗೂ ದಕ್ಕದ ಸಾಧನೆಯಿದು. ಆಗ ಆಕೆಗೆ 23 ವರ್ಷ.

ಇಲ್ಲಿಗೇ ಕಥೆ ನಿಂತಿದ್ದರೆ ನಾವು ಈ ವಿಷಯವನ್ನು ಆಯ್ದುಕೊಳ್ಳುತ್ತಿರಲಿಲ್ಲ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ರಸ್ತೆಯ ಪಂದ್ಯದಲ್ಲಿ ಆಕೆಗೆ ದೊರೆತದ್ದು 26ನೆಯ ಸ್ಥಾನ; ಬೆಟ್ಟದ ಪಂದ್ಯವನ್ನು ನಡುವೆಯೇ ಕೈಬಿಟ್ಟರು. ಮೂರು ಆಟಗಳ ಋತುಗಳನ್ನು ಸಾಲಾಗಿಟ್ಟು ನೋಡಿದರೆ ವಿಶ್ರಾಂತಿಗೆ ತೆರಪೇ ಉಳಿಯುವುದಿಲ್ಲ. ಹಿರಿಯರ ಗಾದೆ ಗೆದ್ದಿತೆಂದು ಹಲವರಿಗೆ ತೋರಿದ್ದರೆ ಆಶ್ಚರ್ಯವಿಲ್ಲ.

ಆದರೆ ದೇಹದೊಳಗೆ ಮತ್ತೊಂದು ಕಾರಣವೂ ಅಡಗಿತ್ತು. ತೊಡೆಗೆ ರಕ್ತವೊಯ್ಯುವ ಇಲಿಯಾಕ್ ಎಂಬ ಅಪಧಮನಿ ಸೊಂಟದ ಬಳಿ ಹಾದುಹೋಗುತ್ತದೆ. ಮುಂದಕ್ಕೆ ಬಾಗಿ ವರ್ಷಗಟ್ಟಲೆ ಪೆಡಲ್ ತುಳಿಯುವವರಲ್ಲಿ ಅದು ಅಸಂಖ್ಯ ಸಲ ಮಡಚಿ, ಕೆಲವರಲ್ಲಿ ಅದರ ಗೋಡೆ ದಪ್ಪವಾಗಿ ಒಳದಾರಿ ಕಿರಿದಾಗುತ್ತದೆ. ಸಾಮಾನ್ಯ ನಡಿಗೆಯಲ್ಲಿ ಏನೂ ತಿಳಿಯದು. ಪೂರ್ಣಶಕ್ತಿ ಹಾಕಿದಾಗ ಮಾತ್ರ ಕಾಲು ಸೋಲುತ್ತದೆ. ಹೀಗಾಗಿ ಇಂಥ ಕ್ರೀಡಾಳುಗಳನ್ನು ಸೋಮಾರಿಗಳೆಂದೋ ಮನೋದುರ್ಬಲರೆಂದೋ ಶಂಕಿಸುವುದು ಸುಲಭ. 2019ರಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಅದೇ ವರ್ಷ ಕೆನಡಾದಲ್ಲಿ ಆಕೆ ಮತ್ತೆ ಬೆಟ್ಟದ ವಿಶ್ವ ಚಾಂಪಿಯನ್ ಆದರು.

ಅಲ್ಲಿಂದ ಮುಂದೆ ಪಾಲೀನರ ಕ್ರಮ ಬದಲಾಯಿತು. ದೋಣಿಗಳನ್ನು ಬಿಡಲಿಲ್ಲ, ಒಂದೊಂದಾಗಿ ಏರಿದರು. ರಸ್ತೆಯನ್ನು ಬದಿಗಿರಿಸಿ ಬೆಟ್ಟಕ್ಕೆ ಮನಸ್ಸು ಕೊಟ್ಟರು. ನಡುವೆ 2022ರಲ್ಲಿ ಜಲ್ಲಿರಸ್ತೆಯ ವಿಶ್ವಪಟ್ಟವನ್ನೂ ಪಡೆದರೆಂಬುದು ಬೇರೆ ಮಾತು. ಹಳೆಯ ಚಪಲ ಪೂರ್ತಿ ಹೋಗುವುದೆಂತು! 2024ರ ಜುಲೈ 28ರಂದು ಪ್ಯಾರಿಸ್ ಸಮೀಪದ ಎಲಾಂಕೂರ್ ಗುಡ್ಡದ ಮೇಲೆ, ತಮ್ಮ ದೇಶದ ಜನರೆದುರು, ಒಲಿಂಪಿಕ್ ಚಿನ್ನ ಗೆದ್ದರು. ಒಡನೆಯೇ ಆ ಆಟವನ್ನು ಬದಿಗಿರಿಸಿ ರಸ್ತೆಗೆ ಹಿಂದಿರುಗಿದರು.

2025ರ ಏಪ್ರಿಲ್‌ನಲ್ಲಿ ಪ್ಯಾರಿಸ್–ರೂಬೆ ಪಂದ್ಯವನ್ನು ಒಂಟಿಯಾಗಿ ಮುಂದೆ ಸಾಗಿ ಗೆದ್ದಾಗ, ಹಳೆಯ ಮೂರು ವಿದ್ಯೆಗಳೂ ಒಂದೆಡೆ ಕೂಡಿದಂತೆ ನಮಗೆ ತೋರಿತು. ಅಲ್ಲಿಯ ಕಲ್ಲುಹಾಸಿನ ದಾರಿಗಳಲ್ಲಿ ಹಿಡಿಯನ್ನು ಬಿಗಿಯಾಗಿ ಹಿಡಿದವರು ಸೋಲುತ್ತಾರೆ. ಸೈಕಲ್ ತನ್ನಷ್ಟಕ್ಕೆ ಕುಣಿಯಲು ಬಿಟ್ಟು ಮೇಲೆ ಹಗುರವಾಗಿ ಕೂರುವುದನ್ನು ಕೆಸರೂ ಬಂಡೆಯೂ ಕಲಿಸುತ್ತವೆ.

ಟೂರ್ ಡಿ ಫ್ರಾನ್ಸ್‌ನ ಎತ್ತರದ ಘಟ್ಟಗಳಿಗೆ ಬೇಕಾದ ಶರೀರವೇ ಬೇರೆ. ಅದಕ್ಕಾಗಿ ರೂಬೆಯ ಬಳಿಕ ಸುಮಾರು 4 ಕಿಲೋ ತೂಕ ಇಳಿಸಿದುದಾಗಿಯೂ, ಇದು ಪೂರ್ಣ ಆರೋಗ್ಯಕರವಲ್ಲವೆಂದೂ, ಹೀಗೆಯೇ ಮುಂದುವರಿಯುವ ಇಚ್ಛೆಯಿಲ್ಲವೆಂದೂ ಆಕೆಯೇ ಹೇಳಿಕೊಂಡರು. ಇದರ ಬಗ್ಗೆ ಅಲ್ಲಿ ದೊಡ್ಡ ಚರ್ಚೆಯಾಯಿತು. ಹೆಣ್ಣುಮಕ್ಕಳನ್ನು ಆಟದ ಮೈದಾನಕ್ಕೆ ಕರೆದೊಯ್ಯುವ ನಮ್ಮಂಥವರಿಗೆ ಈ ಭಾಗ ಪದಕಗಳ ಪಟ್ಟಿಯಷ್ಟು ಹಿತವಾಗಿರುವುದಿಲ್ಲ. ಆದರೂ ಮುಚ್ಚಿಡುವುದು ಸರಿಯೆನಿಸಲಿಲ್ಲ.

ಆ ಟೂರ್‌ನಲ್ಲಿ ಒಟ್ಟು 9 ಹಂತಗಳಿದ್ದವು. ಎಂಟನೆಯದರಲ್ಲಿ ಆಲ್ಪ್ಸ್ ಪರ್ವತದ ಮ್ಯಾಡ್ಲೇನ್ ಘಟ್ಟವನ್ನು ಎಲ್ಲರಿಗಿಂತ ಮೊದಲು ಏರಿ ಪಾಲೀನ್ ಹಳದಿ ಅಂಗಿ ತೊಟ್ಟರು. ಮರುದಿನ, 2025ರ ಆಗಸ್ಟ್ 3ರಂದು, ಹಳದಿ ಅಂಗಿಯಲ್ಲಿಯೇ ಶಾಟೆಲ್ ಊರಿನ ಗುರಿಯನ್ನೂ ಮೊದಲಿಗರಾಗಿ ಮುಟ್ಟಿದರು. ಪುರುಷರ ಟೂರ್‌ನಲ್ಲಿ 1985ರ ಬರ್ನಾರ್ ಇನೋ ಅವರ ನಂತರ ಫ್ರೆಂಚರಾರೂ ಗೆದ್ದಿರಲಿಲ್ಲ. 2022ರಲ್ಲಿ ಮರುಹುಟ್ಟು ಪಡೆದ ಮಹಿಳೆಯರ ಟೂರ್‌ನಲ್ಲಿ ಗೆದ್ದ ಮೊದಲ ಫ್ರೆಂಚ್ ಮಹಿಳೆ ಆಕೆ.