ಬಿಲ್ಲುಗಾರನ ಪ್ರಾಯಶ್ಚಿತ್ತ

1066ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಹೇಸ್ಟಿಂಗ್ಸ್ ರಣಭೂಮಿಯಲ್ಲಿ ಜಯಶಾಲಿಗಳಾದ ನಾರ್ಮನ್ ಯೋಧರಿಗೆ, ಕೆಲವೇ ವರ್ಷಗಳ ತರುವಾಯ, ರಾಜ್ಯವೂ ಭೂಮಿಯೂ ಕೈಸೇರಿದ್ದರೂ, ಅವರದೇ ಧರ್ಮಪೀಠವು ಒಂದು ಪ್ರಾಯಶ್ಚಿತ್ತವಿಧಿಯನ್ನು ಹೊರಡಿಸಿತು. ಪೋಪರ ಪ್ರತಿನಿಧಿ ಎರ್ಮೆನ್‌ಫ್ರಿಡ್ ಎಂಬ ಬಿಷಪ್ಪನ ಹೆಸರಿನಲ್ಲಿ ಉಳಿದುಬಂದಿರುವ ಆ ಕಟ್ಟಳೆಯ ಪ್ರಕಾರ, ಕೊಂದ ಒಬ್ಬೊಬ್ಬ ಮನುಷ್ಯನಿಗೂ ಒಂದೊಂದು ವರ್ಷದ ವ್ರತ. ಹೊಡೆದದ್ದು ನಿಜ, ಸತ್ತನೋ ಉಳಿದನೋ ಅರಿಯೆನೆಂಬವನಿಗೆ ತಲೆಯೊಂದಕ್ಕೆ 40 ದಿನ. ಲೆಕ್ಕವೇ ತಪ್ಪಿದವನಿಗೆ ಜೀವಮಾನವಿಡೀ ವಾರಕ್ಕೊಂದು ದಿನ, ಇಲ್ಲವಾದರೆ ಚರ್ಚೊಂದನ್ನು ಕಟ್ಟಿಸುವುದು ಅಥವಾ ಅದಕ್ಕೆ ದತ್ತಿ ಬಿಡುವುದು. ಹಣವಂತರಿಗಾಗಿ ತೆರೆದಿಟ್ಟ ಈ ಹಿಂಬಾಗಿಲು ನನಗೇನೋ ರುಚಿಸದು. ಆದರೆ ತನ್ನ ಬಾಣ ಯಾರಿಗೆ ತಗಲಿತೆಂಬುದನ್ನು ಎಂದೆಂದಿಗೂ ಕಾಣಲಾರದ ಬಿಲ್ಲುಗಾರನನ್ನು ಪ್ರತ್ಯೇಕವಾಗಿ ನೆನೆದು, ಅವನಿಗೆ ಮೂರು ತಪಸ್ಸುಕಾಲಗಳ (ಲೆಂಟ್ ಎಂಬ ಉಪವಾಸದ ಅವಧಿಗಳ) ವ್ರತವನ್ನು ಗೊತ್ತುಮಾಡಿದ ಆ ಸೂಕ್ಷ್ಮಬುದ್ಧಿಗೆ ತಲೆದೂಗದೆ ಇರಲಾರೆ. ಅಳತೆಯಿಲ್ಲದ ಪಾಪಭೀತಿಗೆ ಅದು ಒಂದು ಅಳತೆಯನ್ನೂ, ಆದಕಾರಣ ಒಂದು ಮುಕ್ತಾಯವನ್ನೂ ಕೊಟ್ಟಿತು.

ಗೆದ್ದವನ ಅಂತಃಕರಣವೂ ಗಾಯಗೊಳ್ಳುತ್ತದೆಂಬುದು ನಮ್ಮವರಿಗೆ ಹೊಸ ಸಂಗತಿಯಲ್ಲ. ಲಕ್ಷ್ಮೀಶನ ಜೈಮಿನಿ ಭಾರತದ ಕಥೆಯೆಲ್ಲವೂ ಬಂಧುವಧೆಯಿಂದ ಬೆಂದ ಧರ್ಮರಾಯನಿಗೆ ವ್ಯಾಸರು ಸೂಚಿಸಿದ ಅಶ್ವಮೇಧದ ಬೆನ್ನುಹಿಡಿದೇ ಸಾಗುತ್ತದೆ. ಆ ಪ್ರಾಯಶ್ಚಿತ್ತದ ಕುದುರೆ ಹೋದಲ್ಲೆಲ್ಲ ಮತ್ತೆ ಯುದ್ಧವೇ ನಡೆಯಿತೆಂಬುದು ಬೇರೆಯ ಮಾತು.

ವಿಯೆಟ್ನಾಂ ಯುದ್ಧದಿಂದ ಮರಳಿದವರಿಗೆ ಚಿಕಿತ್ಸೆ ನೀಡುತ್ತಿದ್ದ ಬಾಸ್ಟನ್ನಿನ ಮನೋವೈದ್ಯ ಜೊನಾಥನ್ ಶೇ, 1994ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ನ್ಯಾಯವೆಂದು ನಂಬಿದ್ದು ಮುರಿದುಬಿದ್ದಾಗ ಆಗುವ ಈ ನೈತಿಕ ಗಾಯವನ್ನು ವಿವರಿಸಿದನು. ಭಯದಿಂದ ನಡುಗುವವನನ್ನು ಸಂತೈಸಬಹುದು. ತಾನು ಮಾಡಿದ್ದನ್ನು ಬಲ್ಲವನಿಗೆ ‘ನಿನ್ನ ತಪ್ಪೇನಿಲ್ಲ’ ಎಂದರೆ ಅವನು ಎದ್ದುಹೋಗುತ್ತಾನೆ.

ಇಲ್ಲಿಯೇ ಪಾದ್ರಿಗೆ ಕೆಲಸವುಂಟು. ಫಿಲಡೆಲ್ಫಿಯಾದ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಪಾದ್ರಿ ಕ್ರಿಸ್ ಆಂಟಲ್ ಮತ್ತು ಮನಶ್ಶಾಸ್ತ್ರಜ್ಞ ಪೀಟರ್ ಯೋಮನ್ಸ್ ಜೊತೆಗೂಡಿ ನಡೆಸಿದ ಕೂಟದಲ್ಲಿ, ಸೈನಿಕರು ವಾರವಾರವೂ ತಮ್ಮತಮ್ಮೊಳಗೆ ಮಾತನಾಡಿ, ಕೊನೆಗೊಂದು ದಿನ ಸಾರ್ವಜನಿಕರ ಸಮ್ಮುಖದಲ್ಲಿ ನಿಂತು, ಕಂಡದ್ದನ್ನೂ ಮಾಡಿದ್ದನ್ನೂ ಹೇಳುವರು. ಕೇಳಲು ಬಂದವರು ಕ್ಷಮೆಯನ್ನು ನೀಡುವ ಅಧಿಕಾರಿಗಳಾಗಿ ಅಲ್ಲಿ ಕೂಡುವುದಿಲ್ಲ; ಸೈನಿಕರನ್ನು ಸುತ್ತುವರಿದು ನಿಂತು, ನಿಮ್ಮನ್ನು ಕಳುಹಿದವರು ನಾವು, ಈ ಹೊರೆಯಲ್ಲಿ ನಮಗೂ ಪಾಲುಂಟೆಂದು ಒಪ್ಪಿಕೊಳ್ಳುವರು.

ಎರ್ಮೆನ್‌ಫ್ರಿಡ್‌ನ ಕಟ್ಟಳೆಯಲ್ಲಿ, ಮನೆಯಲ್ಲೇ ಉಳಿದವರಿಗೆಂದು ಒಂದು ದಿನದ ವ್ರತವೂ ಇರಲಿಲ್ಲ.